ನೋಡದೆ ಒತ್ತಿದ ಮುದ್ರೆ

ಬಾಗಿಲು ಹಾಕಿದ್ದೀರಾ? ಹಾಕಿಬಿಡಿ. ಚಳಿಗೆ ಹೇಳುತ್ತಿಲ್ಲ... ಈ ಕತೆ ಹೇಳುವಾಗ ಬಾಗಿಲು ತೆರೆದಿದ್ದರೆ ನನ್ನ ಗಮನವೆಲ್ಲ ಅತ್ತ ಕಡೆಯೇ ಇರುತ್ತದೆ.

ಕೈಸರ್ ನನ್ನ ಸೋದರತ್ತೆಯ ಮಗ. ನಮ್ಮ ಸರಿಕುದುಕ್ ಊರಾಚೆಯ ವಿಮಾನ ಷೆಡ್ಡಿನಲ್ಲಿ ಪರಿಶೀಲಕನಾಗಿದ್ದ. ಬೇರೆಯವರು ಮಾಡಿದ ರಿಪೇರಿಯನ್ನು ಕಣ್ಣಿಟ್ಟು ನೋಡಿ, ಪುಸ್ತಕದಲ್ಲಿ ತನ್ನ ನಂಬರಿನ ಮುದ್ರೆ ಒತ್ತುವುದು ಅವನ ಕೆಲಸ. ಅವನ ಮುದ್ರೆ ಬೀಳದೆ ಒಂದು ಹೆಲಿಕಾಪ್ಟರೂ ನೆಲ ಬಿಡುವಂತಿರಲಿಲ್ಲ. ಮದುವೆಮನೆಗಳಲ್ಲಿ ಅವನನ್ನು ಬಾಗಿಲಿನಿಂದ ದೂರ, ಹಿರಿಯರ ಸಾಲಿನಲ್ಲಿ ಕೂರಿಸಿ ಗೌರವಕ್ಕೆ ಕುರಿಯ ತಲೆಯನ್ನು ಅವನ ಮುಂದಿಡುತ್ತಿದ್ದರು. ಅವನು ಅದರ ಕಿವಿ ಕೊಯ್ದು ಮಕ್ಕಳಿಗೆ ಹಂಚುವಾಗ ತಲೆ ಎತ್ತುತ್ತಲೇ ಇರಲಿಲ್ಲ. ಎಂಥ ವಿನಯ ನೋಡು ಅಂತ ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಅದು ವಿನಯವಲ್ಲ, ನಾಚಿಕೆ. ನಮಗೆ ಗೊತ್ತಾದದ್ದು ತಡವಾಗಿ.

ಜನವರಿ ತಿಂಗಳು. ರಾತ್ರಿ ಹನ್ನೊಂದು ದಾಟಿತ್ತು. ಮೈನಸ್ ಇಪ್ಪತ್ತೇಳು ಡಿಗ್ರಿ. ಕೈಸರ್ ಕೆಲಸ ಮುಗಿಸಿ ಮನೆಗೆ ಹೊರಟ. ಷೆಡ್ಡಿನಿಂದ ಊರಿಗೆ ಎರಡು ಕಿಲೋಮೀಟರು, ಬಯಲಿನಲ್ಲಿ ನೇರ ಕಾಲುದಾರಿ. ನಡುವೆ ಒಂದು ಹಳೆಯ ಬಾವಿ, ಅದರ ಪಕ್ಕ ಒಂಟಿ ಕರಗಾಚ್ ಮರ. ಬಾವಿ ಬತ್ತಿ ಎಷ್ಟೋ ವರ್ಷವಾಗಿದೆ. ರಾಟೆಯ ಕಂಬಿ ಮಾತ್ರ ಉಳಿದಿದೆ.

ಅವನ ಬೂಟಿನ ಕೆಳಗೆ ಹಿಮ ಕರುಮ್... ಕರುಮ್... ಅನ್ನುತ್ತಿತ್ತು. ಬೇರೆ ಸದ್ದಿಲ್ಲ. ಗಾಳಿಯೂ ಇಲ್ಲ.

ಮರ ಇನ್ನೂ ಮೂವತ್ತು ಹೆಜ್ಜೆ ಇರುವಾಗ ಇನ್ನೊಂದು ಸದ್ದು ಕೇಳಿಸಿತು.

ಕಿರ್‌ರ್... ಕಿರ್‌ರ್... ಕಿರ್‌ರ್... ಟಕ್.

ಕೈಸರ್ ನಿಂತುಬಿಟ್ಟ. ಬೇರೆ ಯಾರಿಗಾದರೂ ಆ ಸದ್ದು ಏನೆಂದು ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿಯಿತು. ಇಕ್ಕಳದಲ್ಲಿ ತಂತಿ ಹುರಿ ಮಾಡುವ ಸದ್ದು. ಕೊನೆಯ ಟಕ್ ಅಂದರೆ ಮಿಕ್ಕ ತುದಿ ಕತ್ತರಿಸಿದ್ದು.

ಇದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಹೆಲಿಕಾಪ್ಟರ್ ಅಂದರೆ ಅದುರುವ ಯಂತ್ರ. ಎಷ್ಟೇ ಬಿಗಿ ಮಾಡಿದರೂ ಅದುರಿ ಅದುರಿ ನಟ್ಟು ಸಡಿಲವಾಗುತ್ತದೆ. ಅದಕ್ಕೇ ಮುಖ್ಯವಾದ ನಟ್ಟುಗಳಿಗೆ ತೂತು ಕೊರೆದು, ಅದರಲ್ಲಿ ತಂತಿ ಪೋಣಿಸಿ, ಹುರಿ ಮಾಡಿ ಕಟ್ಟುತ್ತಾರೆ. ಷೆಡ್ಡಿನವರು ಅದನ್ನು ಕಾವಲು ತಂತಿ ಅನ್ನುತ್ತಾರೆ. ಒಬ್ಬ ಕಟ್ಟಬೇಕು, ಇನ್ನೊಬ್ಬ ನೋಡಬೇಕು. ಕಟ್ಟಿದವನೇ ನೋಡುವಂತಿಲ್ಲ. ಇವರ ಧರ್ಮ ಅಂದರೆ ಇಷ್ಟೇ.

ಕೈಸರನಿಗೆ ಅದನ್ನು ಕಲಿಸಿದ್ದು ಆಗಿನ ಹಿರಿಯ ಪರಿಶೀಲಕ ಒರಾಜ್ ಅಗಾ. ಷೆಡ್ಡಿನಲ್ಲಿ ಮೇಲೆ ಹೋಗುವುದು ಸುಲಭವಲ್ಲ. ಮೊದಲು ತೊಳೆಯುವವನು, ಆಮೇಲೆ ಮೆಕ್ಯಾನಿಕ್, ಆಮೇಲೆ ತಂತ್ರಜ್ಞ, ಅದರಲ್ಲೇ ಮೂರು ದರ್ಜೆ, ಎಲ್ಲ ದಾಟಿದ ಮೇಲೆ ಪರಿಶೀಲಕ. ಒರಾಜ್ ಅಗಾ ಒಂದೂವರೆ ವರ್ಷ ಅವನಿಗೆ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಸಿದರು. ಆಮೇಲೆ ಒಂದು ಚಳಿಗಾಲವಿಡೀ ಹಳೆಯ ನಟ್ಟುಗಳಿಗೆ ತಂತಿ ಕಟ್ಟಿಸಿ, ನೋಡಿ, ಕತ್ತರಿಸಿ ಎಸೆದರು. “ಕಿವೀಲಿ ನೋಡ್ಬೇಡ, ಕಣ್ಣಲ್ಲಿ ನೋಡು” ಅನ್ನುವುದು ಅವರ ಮಾತು. ಕಟ್ಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಹತ್ತಿ ನೋಡು ಅಂತ.

ಆ ಒರಾಜ್ ಅಗಾ ತೀರಿಕೊಂಡು ನಾಲ್ಕು ವರ್ಷ ದಾಟಿತ್ತು.

ಕಿರ್‌ರ್... ಕಿರ್‌ರ್... ಟಕ್.

ಮರದ ಬುಡದಲ್ಲಿ, ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ಯಾರೋ ಕೂತಿದ್ದರು. ಮಗುಚಿದ ಬಕೆಟ್ಟಿನ ಮೇಲೆ. ತಲೆಯ ಮೇಲೆ ಏನೂ ಇರಲಿಲ್ಲ. ಹಿಮದ ಬೆಳಕಿನಲ್ಲಿ ಬಿಳಿಕೂದಲು ಕಾಣುತ್ತಿತ್ತು.

ಓಡಿಹೋಗಬಹುದಿತ್ತು. ಯಾಕೆ ಓಡಲಿಲ್ಲ ಅಂತ ನಾನು ಕೇಳಿದ್ದೇನೆ. “ಅವರ ಎದುರಿಂದ ಒಂದ್ಸಲ ಓಡಿಹೋಗಿದ್ದೆ” ಅಂದ. ಅಷ್ಟೇ.

“ಬಂದ್ಯಾ ಮಗಾ” ಅಂದರು ಅವರು. ಪಿಸುಮಾತಿನಲ್ಲಿ.

ಕೈಸರ್ ಬಾಯಿ ತೆರೆದ. ಅವನ ಬಾಯಿಂದ ಬಿಳಿ ಹಬೆ ಬಂತು, ಮಾತು ಬರಲಿಲ್ಲ. ಅವರ ಬಾಯಿಂದ ಮಾತು ಬಂದಿತ್ತು, ಹಬೆ ಬಂದಿರಲಿಲ್ಲ.

“ಇಲ್ಬಾ. ಇದನ್ನ ಸ್ವಲ್ಪ ನೋಡು. ನಂಗೆ ಕಣ್ಣು ಕಾಣಲ್ಲ.”

ಅವರು ಕೈ ಮುಂದೆ ಚಾಚಿದರು. ಎಡಗೈಯಲ್ಲಿ ಒಂದು ನಟ್ಟು. ಬಲಗೈಯಲ್ಲಿ ಇಕ್ಕಳ ತಿರುಗುತ್ತಲೇ ಇತ್ತು. ಇಕ್ಕಳದ ಬಾಯಲ್ಲಿ ತಂತಿ ಇರಲಿಲ್ಲ. ಆದರೂ ಕಿರ್‌ರ್ ಅನ್ನುತ್ತಿತ್ತು...

“ಕಟ್ಟಿದ್ಯಾ?” ಅಂತ ಕೇಳಿದರು.

ಈಗ ಕೇಳಿ. ಎದುರಿಗೆ ಸತ್ತ ಮನುಷ್ಯ ಕೂತಿದ್ದಾನೆ. ಆದರೂ ನಮ್ಮ ಕೈಸರನ ಬಾಯಿಂದ ಬಂದದ್ದು ಏನು ಗೊತ್ತೇ?

“ಕಟ್ಟಿದೆ ಅಗಾ.”

ನೋಡಲೇ ಇಲ್ಲ. ಅಭ್ಯಾಸ. ಆರು ವರ್ಷದ ಹಿಂದೆ ಹೇಳಿದ್ದ ಅದೇ ಮಾತು, ಅದೇ ದನಿಯಲ್ಲಿ, ತಾನಾಗಿ ಬಂದುಬಿಟ್ಟಿತು.

ಆರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಒಂದು ಹೆಲಿಕಾಪ್ಟರಿನ ಬಾಲದ ಕೆಲಸ ಕೈಸರನ ಪಾಲಿಗೆ ಬಂದಿತ್ತು. ಅವನಾಗ ಮೊದಲ ದರ್ಜೆಯ ತಂತ್ರಜ್ಞ. ಪರಿಶೀಲಕನ ತರಬೇತಿಗೆ ಅಲ್ಮಾಟಿಗೆ ಕಳಿಸುವ ಕಾಗದ ಸಾಹೇಬರ ಡ್ರಾಯರಿನಲ್ಲಿ ಸಹಿಗೆ ಕಾದಿತ್ತು. ಎರಡು ವರ್ಷ ಹೆಸರಿನ ಮೇಲೆ ಒಂದು ಚುಕ್ಕೆ ಬೀಳಬಾರದು ಅನ್ನುವುದು ಷರತ್ತು. ಅವನು ನಟ್ಟು ಬಿಗಿ ಮಾಡಿದ. ಬೆರಳು ಮರಗಟ್ಟಿತ್ತು. ಒಲೆಯ ಹತ್ತಿರ ಹೋಗಿ ಕೂತ, ಟೀ ಕುಡಿದ, ಅಲ್ಮಾಟಿಯ ಯೋಚನೆ ಮಾಡಿದ. ವಾಪಸು ಬಂದು ಮುಚ್ಚಳ ಹಾಕಿ ಹದಿನೆಂಟು ಸ್ಕ್ರೂ ತಿರುಗಿಸಿದ. ಕಾವಲು ತಂತಿ ಕಟ್ಟಿದ್ದೆನಾ ಇಲ್ಲವಾ... ನೆನಪಾಗಲಿಲ್ಲ. ಬಿಚ್ಚಿ ನೋಡಬೇಕು ಅಂದರೆ ಆ ಚಳಿಯಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಒರಾಜ್ ಅಗಾ ಏಣಿಯ ಕೆಳಗೆ ಬಂದು ನಿಂತರು.

“ಕಟ್ಟಿದ್ಯಾ?”

“ಕಟ್ಟಿದೆ ಅಗಾ.”

ಮೂವತ್ತನಾಲ್ಕು ವರ್ಷದಲ್ಲಿ ಅವರು ನೋಡದೆ ಮುದ್ರೆ ಒತ್ತಿದ್ದು ಅದೊಂದೇ ಸಲ. ಕಣ್ಣು ಮಂಜಾಗಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದವನು ಕೈಸರ್. ತಮ್ಮ ಕೈಯಾರೆ ಬೆಳೆಸಿದವನು.

ಮರುದಿನ ಆ ಹೆಲಿಕಾಪ್ಟರ್ ನಲವತ್ತು ಕಿಲೋಮೀಟರು ಆಚೆ ಬಾಲದ ನಟ್ಟು ಕಳಚಿ ಗಿರಗಿರನೆ ತಿರುಗಿ ನೆಲಕ್ಕೆ ಬಡಿಯಿತು. ಯಾರೂ ಸಾಯಲಿಲ್ಲ. ಪೈಲಟ್ಟಿನ ಬೆನ್ನು ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ.

ವಿಚಾರಣೆಗೆ ಮೂರು ಜನ ಬಂದರು. ಉದ್ದದ ಮೇಜು. ಒಂದು ತುದಿಯಲ್ಲಿ ಒರಾಜ್ ಅಗಾ, ಇನ್ನೊಂದು ತುದಿಯಲ್ಲಿ ಕೈಸರ್. ತಂತಿ ಯಾರು ಕಟ್ಟಬೇಕಿತ್ತು ಅಂತ ಕೇಳಿದರು. ಕೈಸರ್ ಮೇಜು ನೋಡುತ್ತಾ ಹೇಳಿದ, “ನಾನೇ ಕಟ್ತೀನಿ, ನೀನು ಹೋಗು ಅಂತ ಅಗಾ ಹೇಳಿದ್ರು.”

ಒಂದೇ ವಾಕ್ಯ.

ಒರಾಜ್ ಅಗಾ ತಿರುಗಿ ಅವನನ್ನು ನೋಡಿದರು. ತುಂಬ ಹೊತ್ತು ನೋಡಿದರಂತೆ. ಆಮೇಲೆ ಮೂವರ ಕಡೆಗೆ ತಿರುಗಿ, “ಹೌದು. ಅವನು ಹೇಳಿದ್ದು ಸರಿ” ಅಂದರು.

ಎಲ್ಲರ ಎದುರಿಗೆ ಅವರ ಮುದ್ರೆಯ ರಬ್ಬರನ್ನು ಬ್ಲೇಡಿನಲ್ಲಿ ಅಡ್ಡಡ್ಡ ಕೊಯ್ದರು. ಊರಿನಲ್ಲಿ ನಾವು ಏನು ಮಾಡಿದೆವು? ಮುದುಕನಿಗೆ ಕಣ್ಣು ಹೋಗಿತ್ತು, ಹಠಕ್ಕೆ ಕೂತಿದ್ದ ಅಂತ ಆಡಿಕೊಂಡೆವು. ನಾನೂ ಆಡಿಕೊಂಡವನೇ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೈಸರ್ ಅಲ್ಮಾಟಿಗೆ ಹೋದ. ಮರುವರ್ಷ ವಸಂತದಲ್ಲಿ ಒರಾಜ್ ಅಗಾ ಸತ್ತ ಸುದ್ದಿ ಮುಟ್ಟಿದಾಗ ಅವನು ಅಲ್ಲೇ ಇದ್ದ. ರಾತ್ರಿ ಬಸ್ಸಿತ್ತು. ಪರೀಕ್ಷೆ ಇದೆ ಅಂತ ಹೇಳಿಕಳಿಸಿದ. ಪರೀಕ್ಷೆ ಇದ್ದದ್ದು ನಾಲ್ಕು ದಿನ ಬಿಟ್ಟು. ಹೆಣ ಎತ್ತುವ ಮುಂಚೆ ಮುಲ್ಲಾ ನೆರೆದವರನ್ನು, ಈತ ಎಂಥ ಮನುಷ್ಯನಾಗಿದ್ದ ಅಂತ ಕೇಳುತ್ತಾರಲ್ಲ, ಒಳ್ಳೆಯವನಾಗಿದ್ದ ಅನ್ನಲು ಕೈಸರ್ ಇರಲಿಲ್ಲ. ಗುಂಡಿಗೆ ಒಂದು ಹಿಡಿ ಮಣ್ಣೂ ಹಾಕಲಿಲ್ಲ.

ಈಗ ಅವರೇ ಬಾವಿಯ ಹತ್ತಿರ ಕೂತು ಕೇಳುತ್ತಿದ್ದಾರೆ.

“ನೋಡಿ ಹೇಳಿದ್ಯಾ?”

ಕೈಸರ್ ನಟ್ಟಿನಿಂದ ಕಣ್ಣು ತಪ್ಪಿಸಿ ಬಾವಿಯ ಕಟ್ಟೆ ನೋಡಿದ.

“ಇದು ಐದನೇ ಚಳಿಗಾಲ ಮಗಾ. ಎರಡನೇ ಕಣ್ಣಿಲ್ದೆ ನಾನು ಎದ್ದು ಹೋಗಕ್ಕಾಗಲ್ಲ. ನಿಯಮ ನಿಂಗೊತ್ತಲ್ಲ.”

“ಅಗಾ... ಈ ನಟ್ಟು ಅವತ್ತಿಂದಾ?”

“ಅವತ್ತಿಂದು ನಂದು. ಮುದ್ರೆ ನಂದಿತ್ತು, ತಪ್ಪೂ ನಂದೇ.” ಇಕ್ಕಳ ನಿಂತಿತು. “ಇದು ಇವತ್ತಿಂದು.”

ಕೈಸರ್ ಬಗ್ಗಿ ನೋಡಿದ. ನಿಜವಾಗಿ ನೋಡಿದ. ನಟ್ಟಿನಲ್ಲಿ ಎರಡು ತೂತು. ಎರಡೂ ಖಾಲಿ. ತಿರುಪಿನ ಗೆರೆಗಳಲ್ಲಿ ಹಳದಿ ಗ್ರೀಸು. ಷೆಡ್ಡಿನಲ್ಲಿ ಯಾವಾಗಲೂ ಕಪ್ಪು ಗ್ರೀಸು. ಈ ಹಳದಿಯ ಡಬ್ಬಿ ಬಂದದ್ದು ಆ ಸೋಮವಾರ, ಅದನ್ನು ಒಡೆದದ್ದು ಗುರುವಾರ, ಅಂದರೆ ಅವತ್ತೇ ಸಂಜೆ. ಗೌಹರ್ ಒಡೆದಿದ್ದಳು.

ಗೌಹರ್ ಅಂದರೆ ಮೂರನೇ ದರ್ಜೆಯ ತಂತ್ರಜ್ಞೆ. ಗಂಡನಿಲ್ಲದ ಹೆಂಗಸು. ಮುಂದಿನ ದರ್ಜೆಗೆ ಮಾರ್ಚಿನಲ್ಲಿ ಪರೀಕ್ಷೆ ಕಟ್ಟಿದ್ದಳು. ಆ ಸಂಜೆ ಅವಳು ಬಾಲದ ಕೆಲಸ ಮುಗಿಸಿ ಪರಿಶೀಲಕನ ಕೋಣೆಯ ಬಾಗಿಲಲ್ಲಿ ತಲೆ ಹಾಕಿದ್ದಳು. “ಕಟ್ಟಿದೀನಿ ಅಣ್ಣ. ಮುಚ್ಚಲಾ?” ಕೈಸರ್ ಒಲೆಯ ಮುಂದೆ ಕಾಲು ಚಾಚಿದ್ದ. “ಮುಚ್ಚು” ಅಂದಿದ್ದ. ಮುದ್ರೆ ಒತ್ತಿದ್ದ. ಏಣಿ ಹತ್ತಿರಲಿಲ್ಲ.

ಆ ಹೆಲಿಕಾಪ್ಟರ್ ಬೆಳಿಗ್ಗೆ ಆರಕ್ಕೆ ಮರಳುಗಾಡಿನ ಕುರಿದೊಡ್ಡಿಗೆ ಹೊರಡಬೇಕಿತ್ತು. ಅಲ್ಲೊಬ್ಬ ಹೆಂಗಸು ಹೆರಿಗೆ ನೋವಿನಲ್ಲಿದ್ದಳು. ರಕ್ತ ನಿಲ್ಲುತ್ತಿಲ್ಲ ಅಂತ ಸುದ್ದಿ ಬಂದಿತ್ತು.

ಕೈಸರ್ ತಲೆ ಎತ್ತುವಷ್ಟರಲ್ಲಿ ಬಕೆಟ್ಟೂ ಇರಲಿಲ್ಲ, ಅವರೂ ಇರಲಿಲ್ಲ. ಆಗ ಅವನು ಓಡಿದ. ಮನೆಯ ಕಡೆಗಲ್ಲ, ಷೆಡ್ಡಿನ ಕಡೆಗೆ.

ರಾತ್ರಿ ಪಾಳಿಯ ಕಾವಲುಗಾರ ತ್ಸೊಯ್ ಬಾಗಿಲು ತೆಗೆದ. ನಮ್ಮ ಕಡೆಯ ಹಳೇ ಕೊರಿಯಾ ಮನೆತನದವನು. ಬಾಯಿ ಸುಮ್ಮನಿರುವುದಿಲ್ಲ.

“ಏನಯ್ಯಾ, ಹೆಂಡತಿ ಹೊರಗೆ ಹಾಕಿದ್ಲಾ?”

“ಏಣಿ ಹಿಡಿ.”

“ಈ ಹೊತ್ನಲ್ಲಾ? ಕುಡಿದಿದ್ಯಾ?”

“ತ್ಸೊಯ್... ಏಣಿ ಹಿಡಿ.”

ತ್ಸೊಯ್ ಅವನ ಮುಖ ನೋಡಿ ಏಣಿ ಹಿಡಿದ. ಹದಿನೆಂಟು ಸ್ಕ್ರೂ. ಕೈಗವಸು ಹಾಕಿದರೆ ಹಿಡಿತ ಸಿಗದು, ತೆಗೆದರೆ ಕಬ್ಬಿಣಕ್ಕೆ ಚರ್ಮ ಅಂಟುತ್ತದೆ. ತೆಗೆದೇ ಬಿಚ್ಚಿದ. ಮುಚ್ಚಳ ಸರಿಸಿ ಟಾರ್ಚು ಹಾಕಿದ.

ಹಳದಿ ಗ್ರೀಸು. ನಟ್ಟು. ಎರಡು ತೂತು... ಖಾಲಿ.

ಅವನು ಏಣಿಯ ಮೇಲೆ ಹಾಗೇ ಕೂತುಬಿಟ್ಟ. ಹೆದರಿಕೆ ಹೋಗಿಬಿಟ್ಟಿತ್ತಂತೆ. ನಾಚಿಕೆಯೊಂದೇ ಉಳಿದಿತ್ತು. ಬಾವಿಯ ಹತ್ತಿರ ಕಂಡದ್ದು ಸುಳ್ಳಾಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡಿದ್ದನಂತೆ. ಅವರು ಸತ್ತ ಮೇಲೂ ಸುಳ್ಳು ಹೇಳುವವರಲ್ಲ.

ತಾನೇ ಕಟ್ಟಿಬಿಟ್ಟರೆ ನೋಡುವವರು ಯಾರು? ಗೌಹರಿಗೆ ಫೋನು ಮಾಡಿದ. ಅವಳು ಮನೆಯ ಅಂಗಿಯ ಮೇಲೆ ಕೋಟು ಸುತ್ತಿಕೊಂಡು, ನೆರೆಯವರ ಕಾರಿನಲ್ಲಿ ಬಂದಳು. ಏಣಿ, ಬಿಚ್ಚಿದ ಮುಚ್ಚಳ, ಕೈಸರನ ಮುಖ... ಎಲ್ಲ ಒಮ್ಮೆಲೇ ನೋಡಿದಳು.

“ಕಟ್ಟಿದ್ದೆ” ಅಂದಳು. ಮೆಲ್ಲಗೆ.

ಕೈಸರ್ ಟಾರ್ಚು ಕೊಟ್ಟ. ಅವಳು ಹತ್ತಿದಳು. ಇಳಿಯಲು ಹೊತ್ತಾಯಿತು.

“ಕಟ್ಟಿಲ್ಲ” ಅಂದಳು. “ಅಮ್ಮ ಫೋನು ಮಾಡಿದ್ರು... ಮಾತಾಡಿ ಬಂದೆ... ಕಟ್ಟಿದೀನಿ ಅಂತಾನೇ ಅಂದ್ಕೊಂಡೆ. ಆಮೇಲೆ ಅನುಮಾನ ಬಂತು ಅಣ್ಣ. ಬಿಚ್ಚಕ್ಕೆ ಬೇಜಾರಾಯ್ತು.”

“ಕಟ್ಟು.”

ಅವಳು ಕಟ್ಟಿದಳು. ಕಿರ್‌ರ್... ಕಿರ್‌ರ್... ಟಕ್. ಆ ಸದ್ದಿಗೆ ಕೈಸರನ ಬೆನ್ನ ಮೇಲೆ ಮುಳ್ಳೆದ್ದಿತು. ಅವಳು ಇಳಿದ ಮೇಲೆ ಅವನು ಹತ್ತಿ ಟಾರ್ಚು ಹಾಕಿ ನೋಡಿದ, ಬೆರಳಿಟ್ಟು ಎಳೆದು ನೋಡಿದ. ಮುಚ್ಚಳ ಹಾಕಿ ಕೆಳಗೆ ಬರುವಾಗ ಮೂರು ಗಂಟೆ.

ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಸಂಜೆಯ ಸಾಲು, ಅದರ ಪಕ್ಕ ಅವನ ಮುದ್ರೆ. ಈಗ ಹೊಸ ಸಾಲು ಬರೆಯಬೇಕು. ಏನಂತ ಬರೆಯುವುದು?

ಅವನೇ ನನಗೆ ಹೇಳಿದ್ದು, ಮುಚ್ಚುಮರೆ ಇಲ್ಲದೆ ಹೇಳಿದ. ಪೆನ್ನು ಕೈಗೆ ಬಂದಾಗ ಮೊದಲು ಹೊಳೆದದ್ದು ಗೌಹರ್ ಹೆಸರು. ತಂತ್ರಜ್ಞೆ ತಪ್ಪು ವರದಿ ಕೊಟ್ಟಳು, ಪರಿಶೀಲಕ ಮರುಪರೀಕ್ಷೆಯಲ್ಲಿ ಪತ್ತೆ ಮಾಡಿದ. ಒಂದೇ ವಾಕ್ಯ. ಬರೆದಿದ್ದರೆ ಅವನಿಗೆ ಶಾಭಾಸ್‌ಗಿರಿ ಸಿಗುತ್ತಿತ್ತು. ಬಾವಿಯಿಂದ ಓಡಿಬಂದು ಇನ್ನೂ ಬೆವರು ಆರಿರಲಿಲ್ಲ, ಆಗಲೇ ಈ ಬುದ್ಧಿ. ಎಂಥ ಜನ್ಮ ನನ್ನದು ಅಂತ ಅವನು ನನ್ನ ಮುಂದೆ ಅತ್ತ.

“ಪೆನ್ ಕೊಡಿ” ಅಂದಳು ಗೌಹರ್.

“ಯಾಕೆ?”

“ನಂದು ನಾನು ಬರೀತೀನಿ.”

“ಮಾರ್ಚಲ್ಲಿ ಪರೀಕ್ಷೆ ಇದೆ ನಿಂಗೆ.”

“ಗೊತ್ತು.”

ಅವಳು ಬಗ್ಗಿ ಬರೆದಳು. ‘ಕಾವಲು ತಂತಿ ಕಟ್ಟಿರಲಿಲ್ಲ. ಕಟ್ಟಿದೆ ಎಂದು ಹೇಳಿದೆ.’ ಕೆಳಗೆ ಹೆಸರು. ಬರೆದು ಪೆನ್ನನ್ನು ಅವನ ಮುಂದೆ ಇಟ್ಟಳು. ಆರು ವರ್ಷದಲ್ಲಿ ಅವನ ಕೈಲಾಗದ್ದನ್ನು ಅವಳು ಅರ್ಧ ನಿಮಿಷದಲ್ಲಿ ಮುಗಿಸಿದ್ದಳು. ಅವನ ಕಡೆ ಸಿಟ್ಟಿನಿಂದಲೂ ನೋಡಲಿಲ್ಲ.

ಕೈಸರ್ ಬರೆದ. ‘ನಾನು ಹತ್ತಿ ನೋಡದೆ ಮುದ್ರೆ ಒತ್ತಿದೆ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಪೆನ್ನು ಎತ್ತಿದ... ಮತ್ತೆ ಇಟ್ಟ. ಆರು ವರ್ಷದ ಹಿಂದಿನ ತಾರೀಕು ಬರೆದ. ಹೆಲಿಕಾಪ್ಟರಿನ ನಂಬರು ಬರೆದ. ‘ಅಂದು ತಂತಿ ಕಟ್ಟದೆ ಬಿಟ್ಟವನು ನಾನು. ಒರಾಜ್ ಅಗಾ ತಾವೇ ಕಟ್ಟುತ್ತೇನೆ ಎಂದು ಹೇಳಿರಲಿಲ್ಲ. ನಾನು ಸುಳ್ಳು ಹೇಳಿದೆ.’

ತ್ಸೊಯ್ ಭುಜದ ಮೇಲಿಂದ ಓದುತ್ತಿದ್ದ. “ಇದ್ಯಾಕಯ್ಯಾ ಬರ್ದೆ? ಈ ಪುಸ್ತಕದ ಹಾಳೆಗೆ ನಂಬರಿದೆ, ದಾರ ಹೊಲ್ದು ಅರಗು ಹಾಕಿದಾರೆ. ಹರಿಯಕ್ಕೂ ಆಗಲ್ಲ” ಅಂದ.

“ಅದಕ್ಕೇ ಬರ್ದೆ” ಅಂದ ಕೈಸರ್.

ಆರಕ್ಕೆ ಹೆಲಿಕಾಪ್ಟರ್ ಹೊರಟಿತು. ಒಂಬತ್ತೂವರೆಗೆ ವಾಪಸು ಬಂತು. ತಾಯಿ ಬದುಕಿದ್ದಳು, ಮಗು ಕಂಬಳಿಯೊಳಗಿಂದ ಷೆಡ್ಡೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಕೈಸರ್ ಅದನ್ನು ನೋಡಲು ನಿಲ್ಲಲಿಲ್ಲ. ನೇರ ಒರಾಜ್ ಅಗಾನ ಮನೆಗೆ ನಡೆದ.

ಶುಕ್ರವಾರ. ಅವರ ಹೆಂಡತಿ ರಾಬಿಗಾ ಅಪಾ ಸತ್ತವರ ಹೆಸರಿನಲ್ಲಿ ಶೆಲ್ಪೆಕ್ ರೊಟ್ಟಿ ಕರಿಯುತ್ತಿದ್ದಳು. ಬಾಣಲೆ ಚುಂಯ್ ಅನ್ನುತ್ತಿತ್ತು. ಹೊಸಿಲಲ್ಲಿ ನಿಂತವನನ್ನು ನೋಡಿದಳು, ಜರಡಿಸೌಟು ಕೆಳಗಿಡಲಿಲ್ಲ.

“ಬಾಗಿಲು ಹಾಕು. ಚಳಿ ಬರುತ್ತೆ.”

ಅವನು ಒಳಗೆ ಬಂದು ಬಾಗಿಲ ಹತ್ತಿರವೇ ಮಂಡಿಯೂರಿದ. ಎಲ್ಲ ಹೇಳಿದ. ಅಪಾ ರೊಟ್ಟಿ ತಿರುವಿದಳು, ತೆಗೆದಳು, ಇನ್ನೊಂದು ಹಾಕಿದಳು.

“ನಂಗೊತ್ತು” ಅಂದಳು.

“ಏನು ಗೊತ್ತು ಅಪಾ?”

“ಅವತ್ ರಾತ್ರೀನೇ ಹೇಳಿದ್ರು. ನಾನು ಸೌಟು ತಗೊಂಡು ನಿಮ್ಮನೆಗೆ ಹೊರಟಿದ್ದೆ, ಅವರು ಅಡ್ಡ ನಿಂತ್ರು. ಬೇಡ ಕಣೇ, ಕಾಗದ ಕಾದಿದೆ, ಹೋಗಿಬರ್ಲಿ, ವಾಪಸ್ ಬಂದ್ಮೇಲೆ ತಾನೇ ಬಂದು ಹೇಳ್ತಾನೆ ಅಂದ್ರು.” ಎಣ್ಣೆ ಸಿಡಿಯಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. “ನಾಯಿ ಬೊಗಳಿದ್ರೆ ಸಾಕು, ಕೈಸರ್ ಬಂದ ಅನ್ಸುತ್ತೆ ನೋಡು ಅನ್ನೋರು. ಕೊನೇ ವಾರಾನೂ ಅಂದ್ರು.”

ಕೈಸರ್ ಹಣೆಯನ್ನು ನೆಲಕ್ಕೆ ಒತ್ತಿದ. ಅವಳು ಏಳು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಒಲೆ ಆರಿಸಿ ಬಂದು ಅವನ ಎದುರಿಗೆ ಕೂತಳು. ಆಮೇಲೆ ಅವಳು ಕೇಳಿದ್ದು ಬೇರೆಯೇ.

“ಬಾವಿ ಹತ್ರ ಕೂತಿದ್ರು ಅಂದ್ಯಲ್ಲ. ನಂಗೆ ಒಂದಿನ ಕನಸಲ್ಲೂ ಬಂದಿಲ್ಲ. ಹೇಗಿದ್ರು?”

“ಹಾಗೇ ಇದ್ರು ಅಪಾ.”

“ತಲೆಗೆ ಏನಾದ್ರೂ ಹಾಕಿದ್ರಾ?”

ಕೈಸರ್ ತಲೆ ಅಲ್ಲಾಡಿಸಿದ. ಅಪಾಳ ಮುಖ ಕೆಂಪಾಯಿತು. ಅಷ್ಟು ಹೊತ್ತು ಇಲ್ಲದ ಸಿಟ್ಟು ಈಗ ಬಂತು.

“ಬರಿ ತಲೇಲಾ? ಈ ಚಳೀಲಾ? ಐದು ಚಳಿಗಾಲ?”

ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಧಡ್ ಅಂದಿತು. ಬರುವಾಗ ಕೈಯಲ್ಲಿ ಒಂದು ತುಪ್ಪಳದ ಟೊಪ್ಪಿ. ನಮ್ಮಲ್ಲಿ ಸತ್ತವರ ಬಟ್ಟೆಬರೆಯನ್ನು ಬೇಕಾದವರಿಗೆ ಹಂಚುತ್ತಾರೆ. ಕೋಟು ತಮ್ಮನಿಗೆ ಹೋಗಿತ್ತು, ಬೂಟು ಅಳಿಯನಿಗೆ.

“ಇದು ಕೈಸರಿಗೆ ಅಂತ ಅವರ ಬಾಯಾರೆ ಹೇಳಿದ್ರು. ನೀನು ಮಣ್ಣಿಗೂ ಬರ್ಲಿಲ್ಲ. ಇನ್ನೊಬ್ಬರಿಗೆ ಕೊಡಕ್ಕೆ ನಂಗೆ ಮನಸ್ಸಾಗ್ಲಿಲ್ಲ. ಪೆಟ್ಟಿಗೇಲೇ ಬಿದ್ದಿತ್ತು. ತಗೋ.”

“ನಂಗೆ ಯೋಗ್ಯತೆ ಇಲ್ಲ ಅಪಾ.”

“ಇಲ್ಲ” ಅಂದಳು ಅವಳು. “ಆದ್ರೂ ಹಾಕ್ಕೋ.”

ಆಮೇಲಿನದು ನಿಮಗೆ ಅರ್ಧ ಗೊತ್ತಿರುತ್ತದೆ. ಕೈಸರನ ಮುದ್ರೆ ಕಿತ್ತುಕೊಂಡರು. ಪೈಲಟ್ಟಿನ ಮನೆಗೆ ಹೋಗಿ ಅವನ ಎದುರಿಗೂ ಹೇಳಿ ಬಂದ, ಆತ ಕೋಲಿನಲ್ಲಿ ಬಾಗಿಲು ತೋರಿಸಿದ. ಕೈಸರ್ ಮತ್ತೆ ಮೂರನೇ ದರ್ಜೆಯಿಂದ ಶುರುಮಾಡಿದ. ಗೌಹರ್ ಆ ಮಾರ್ಚಿನಲ್ಲಿ ಪರೀಕ್ಷೆಗೆ ಕೂರಲಾಗಲಿಲ್ಲ, ಮುಂದಿನ ಮಾರ್ಚಿನಲ್ಲಿ ಕೂತು ಪಾಸಾದಳು. ಆಮೇಲೆ ಒಂದೊಂದೇ ದರ್ಜೆ ಹತ್ತಿ ಈಗ ಅವಳೇ ಪರಿಶೀಲಕಿ. ಕೈಸರ್ ಕಟ್ಟಿದ ತಂತಿಯನ್ನು ಅವಳು ಏಣಿ ಹತ್ತಿ ನೋಡುತ್ತಾಳೆ. ಹಳೆಯ ಕಡತದಲ್ಲಿ ಒರಾಜ್ ಅಗಾನ ಹೆಸರಿನ ಮೇಲಿದ್ದ ಸುಳ್ಳನ್ನು ಹೊಡೆದುಹಾಕಿದರು. ನೋಡದೆ ಒತ್ತಿದ್ದನ್ನು ಉಳಿಸಿದರು. ಅದನ್ನೂ ತೆಗೆದಿದ್ದರೆ ಅವರೇ ಒಪ್ಪುತ್ತಿರಲಿಲ್ಲ. ಮದುವೆಮನೆಗಳಲ್ಲಿ ಕೈಸರ್ ಈಗ ಬಾಗಿಲ ಹತ್ತಿರ ಕೂರುತ್ತಾನೆ. ಕುರಿಯ ತಲೆ ಬೇರೆಯವರ ಮುಂದೆ ಹೋಗುತ್ತದೆ. ಅವನು ತಲೆ ಎತ್ತಿ ಊಟ ಮಾಡುತ್ತಾನೆ. ಬಾವಿಯ ಹತ್ತಿರ ಮತ್ತೆ ಯಾರೂ ಕಂಡಿಲ್ಲ, ಯಾವ ಸದ್ದೂ ಕೇಳಿಲ್ಲ.

ನೀವು ನಗುತ್ತೀರಿ, ನನಗೆ ಗೊತ್ತು. ತಪ್ಪಿತಸ್ಥ ಮನಸ್ಸು ಏನೇನೋ ಕಾಣುತ್ತದೆ ಅನ್ನುತ್ತೀರಿ. ಗ್ರೀಸಿನ ಬಣ್ಣ ಅವನಿಗೆ ಮೊದಲೇ ಗೊತ್ತಿತ್ತು ಅನ್ನುತ್ತೀರಿ. ಅನ್ನಿ. ನಾನೂ ಹಾಗೇ ಅಂದಿದ್ದೆ, ಅವನ ಮುಖದ ಮೇಲೇ ಅಂದಿದ್ದೆ. ಅವನು ವಾದ ಮಾಡಲಿಲ್ಲ. “ಇವತ್ ರಾತ್ರಿ ಇಲ್ಲೇ ಮಲಕೋ” ಅಂದ.

ಅವನ ಮನೆಯ ಬಾಗಿಲಿಗೂ ನಡುಮನೆಗೂ ನಡುವೆ ಒಂದು ಸಣ್ಣ ಕೋಣೆ ಇದೆ, ಬೂಟು ಬಿಡುವ ಜಾಗ. ಒಲೆಯ ಶಾಖ ಅಲ್ಲಿಗೆ ಬರುವುದಿಲ್ಲ. ಬಕೆಟ್ಟಿನ ನೀರು ಅಲ್ಲಿ ರಾತ್ರಿಯೇ ಗಡ್ಡೆ ಕಟ್ಟುತ್ತದೆ. ಸಂಜೆ ಏಳಕ್ಕೆ ಅವನು ಕೆಲಸದಿಂದ ಬಂದು ಆ ಟೊಪ್ಪಿಯನ್ನು ಅಲ್ಲಿನ ಮೊಳೆಗೆ ಹಾಕಿದ. ನಾನೇ ನೋಡಿದೆ. ಹೊರಬಾಗಿಲಿಗೆ ಚಿಲಕ ಹಾಕಿದವನೂ ನಾನೇ. ರಾತ್ರಿ ಯಾರೂ ಎದ್ದಿಲ್ಲ, ನನಗೆ ನಿದ್ದೆ ಬಂದಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಅವನು ನನ್ನನ್ನು ಕರೆದುಕೊಂಡು ಹೋದ. ಚಿಲಕ ಹಾಕಿದ ಹಾಗೇ ಇತ್ತು, ಮುಟ್ಟಿದರೆ ಬೆರಳು ಅಂಟುತ್ತಿತ್ತು. ಅವನು ಟೊಪ್ಪಿ ತೆಗೆದು ನನ್ನ ಕೈಗೆ ಕೊಟ್ಟ. “ಒಳಗೆ ಕೈ ಹಾಕು” ಅಂದ.

ಹಾಕಿದೆ. ನಿಮ್ಮ ಎದುರಿಗೆ ಕೂತು ಸುಳ್ಳು ಹೇಳಿ ನನಗೇನಾಗಬೇಕು... ಈ ಕೈಯನ್ನೇ ಹಾಕಿದ್ದು.

ಒಳಗೆ ಬೆಚ್ಚಗಿತ್ತು.